ಮೊಬೈಲ್ ಜಾಹೀರಾತಿನ ಹಾಡು ಯಾರದ್ದು?

ನನ್ನ ಅಣ್ಣನ ಮಗ ಹೋದ ವರ್ಷ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಮೊಬೈಲ್ ಅಂಗಡಿ ಹಾಕಿದ. ಸಣ್ಣದು. ಗಾಜಿನ ಕೌಂಟರ್ ಒಂದು, ಗೋಡೆ ತುಂಬ ಬ್ಯಾಕ್ ಕವರ್, ಮೂಲೆಯಲ್ಲಿ ರಿಪೇರಿ ಟೇಬಲ್. ಅಂಗಡಿ ಹೆಸರು ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ತಾನೇ ಫೋನಿನಲ್ಲಿ ಒಂದು ವಿಡಿಯೋ ಮಾಡಿದ. ಶಟರ್ ಮೇಲೆ ಹೋಗುತ್ತದೆ, ಊದಿನಕಡ್ಡಿಯ ಹೊಗೆ, ಹೊಸ ಸೆಟ್ಟಿನ ಡಬ್ಬಿ ಬಿಚ್ಚುವ ಕೈ, ಹಿಂದೆ ಆಗ ಎಲ್ಲರ ಬಾಯಲ್ಲಿದ್ದ ಒಂದು ಸಿನಿಮಾ ಹಾಡು. ಚೆನ್ನಾಗೇ ಬಂದಿತ್ತು. ಎರಡು ದಿನ ಓಡಿತು. ಮೂರನೇ ದಿನ ಬೆಳಿಗ್ಗೆ ಫೋನ್ ಮಾಡಿದ.

"ಕಾಕಾ, ವಿಡಿಯೋ ಅದ, ಆದ್ರ ಹಾಡು ಕೇಳವಲ್ದು. ಆವಾಜ್ ಬಂದ್ ಮಾಡ್ಯಾರ. ನಾ ಬರೇ ಹದಿನೈದು ಸೆಕೆಂಡ್ ಹಾಕೀನಿ. ಟಿವಿದಾಗ ದೊಡ್ಡ ಮೊಬೈಲ್ ಕಂಪನಿಯವ್ರು ಹಾಡು ಹಾಕ್ತಾರಲ್ಲ, ಅವ್ರಿಗೆ ಯಾರೂ ಏನೂ ಅನ್ನಂಗಿಲ್ಲೇನು?"

ಸರಿಯಾದ ಪ್ರಶ್ನೆ. ನಾನು ಬಹಳ ವರ್ಷ ರೇಡಿಯೋ ಮತ್ತು ಕೇಬಲ್ ಜಾಹೀರಾತಿಗೆ ಸಾಲು ಬರೆದುಕೊಟ್ಟವನು, ಈ ಹಾಡಿನ ಹಕ್ಕಿನ ಗಂಟು ಬಿಡಿಸೋಕೆ ನನಗೇ ಸುಮಾರು ಕಾಲ ಹಿಡಿದಿತ್ತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಹದಿನೈದು ಸೆಕೆಂಡಿನ ಮಾತು. "ಮೂವತ್ತು ಸೆಕೆಂಡಿಗಿಂತ ಕಡಿಮೆ ಇದ್ದರೆ ಪರವಾಗಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಅಂಥ ಲೆಕ್ಕ ಎಲ್ಲೂ ಇಲ್ಲ. ಮನೆಯಲ್ಲಿ ನಿಮ್ಮ ಪಾಡಿಗೆ ನೀವು ಕೇಳುವುದಕ್ಕೆ, ವಿಮರ್ಶೆಗೆ, ಸುದ್ದಿಗೆ ಅಂತ ಕೆಲವು ರಿಯಾಯಿತಿ ಇವೆ. ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರು ಹಾಡು ನುಡಿಸಿದರೂ ಅಡ್ಡಿ ಇಲ್ಲ, ಅದನ್ನು ಕಾಯ್ದೆಯೇ ಬಾಯಿಬಿಟ್ಟು ಹೇಳುತ್ತದೆ. ಆದರೆ ವ್ಯಾಪಾರಕ್ಕೆ ಅಂತ ಹಾಕಿದರೆ ಐದು ಸೆಕೆಂಡಾದರೂ ಕೇಳಿಯೇ ಹಾಕಬೇಕು.

ಯಾರನ್ನ ಕೇಳಬೇಕು? ಗಂಟು ಇರುವುದು ಇಲ್ಲೇ. ಹಾಡು ನಮ್ಮ ಕಿವಿಗೆ ಒಂದೇ, ಕಾಯ್ದೆಯ ಕಣ್ಣಿಗೆ ಮೂರು. ಒಂದು, ಬರೆದ ಸಾಹಿತ್ಯ. ಎರಡು, ಕೂಡಿಸಿದ ರಾಗ. ಮೂರು, ಸ್ಟುಡಿಯೋದಲ್ಲಿ ಇಂಥ ಗಾಯಕರ ದನಿಯಲ್ಲಿ, ಇಂಥ ತಬಲಾ, ಇಂಥ ಕೊಳಲಿನ ಜೊತೆ ಮುದ್ರಣವಾದ ಧ್ವನಿ. ನಮ್ಮ ಕಡೆ ಹೊಲ ಒಬ್ಬರದು, ಬಾವಿ ಒಬ್ಬರದು, ನಿಂತ ಬೆಳೆ ಲಾವಣಿ ಹಿಡಿದವನದು ಇರುತ್ತದಲ್ಲ, ಹಾಗೆ. ಮೂವರದೂ ಒಪ್ಪಿಗೆ ಇಲ್ಲದೆ ವ್ಯವಹಾರ ಮುಗಿಯುವುದಿಲ್ಲ.

ಈ ಮೂರಕ್ಕೂ ವಯಸ್ಸು ಬೇರೆ ಬೇರೆ. ಭಾರತದಲ್ಲಿ ಸಾಹಿತ್ಯ ಮತ್ತು ರಾಗದ ಹಕ್ಕು ಅವನ್ನು ಮಾಡಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಧ್ವನಿಮುದ್ರಣದ ಹಕ್ಕು ಅದು ಹೊರಬಂದಾಗಿನಿಂದ 60 ವರ್ಷ. 1964ರಲ್ಲಿ ಬಂದ ಒಂದು ರೆಕಾರ್ಡ್ ತೆಗೆದುಕೊಳ್ಳಿ. 2024 ಮುಗಿಯುತ್ತಿದ್ದಂತೆ ಆ ಮುದ್ರಣದ ಅವಧಿ ಮುಗಿಯಿತು. ಆದರೆ ಹಾಡು ಬರೆದವರು 1990ರಲ್ಲಿ ತೀರಿಕೊಂಡಿದ್ದರೆ ಸಾಹಿತ್ಯದ ಹಕ್ಕು 2050ರ ಕೊನೆಯವರೆಗೂ ಜೀವಂತ. "ಹಳೇ ಹಾಡು ಬಿಡ್ರಿ, ಯಾರು ಕೇಳ್ತಾರ" ಅನ್ನುವುದು ಎಷ್ಟು ತಪ್ಪು ನೋಡಿ.

ಸಿನಿಮಾ ಹಾಡಾದರೆ ಒಂದು ಅನುಕೂಲ ಇದೆ. ಸಾಮಾನ್ಯವಾಗಿ ಈ ಹಕ್ಕುಗಳೆಲ್ಲ ಒಂದು ಆಡಿಯೋ ಕಂಪನಿಯ ಹತ್ತಿರ ಸೇರಿರುತ್ತವೆ. ಕನ್ನಡದವರಿಗೆ ಲಹರಿ, ಆನಂದ್ ಆಡಿಯೋ, ಟಿ-ಸೀರೀಸ್ ಹೆಸರು ಕ್ಯಾಸೆಟ್ಟಿನ ಕಾಲದಿಂದ ಗೊತ್ತು. ಹಳೇ ಎಚ್‌ಎಂವಿ ರೆಕಾರ್ಡುಗಳ ಭಂಡಾರ ಈಗ ಸರೆಗಮ ಕಂಪನಿಯದು. ಜಾಹೀರಾತಿನವರು ಅಲ್ಲಿಗೆ ಹೋಗಿ ಕೂರುತ್ತಾರೆ, ಮಾತು ಶುರುವಾಗುತ್ತದೆ. ಎಷ್ಟು ಸೆಕೆಂಡ್? ಟಿವಿಗಾ, ರೇಡಿಯೋಗಾ, ಇಂಟರ್‌ನೆಟ್ಟಿಗಾ? ಕರ್ನಾಟಕಕ್ಕೆ ಮಾತ್ರವಾ, ಇಡೀ ದೇಶಕ್ಕಾ? ಮೂರು ತಿಂಗಳಾ, ಒಂದು ವರ್ಷವಾ? ಆ ಅವಧಿಯಲ್ಲಿ ಇನ್ನೊಂದು ಮೊಬೈಲ್ ಕಂಪನಿಗೆ ಇದೇ ಹಾಡು ಕೊಡಬಾರದು ಅಂತ ಷರತ್ತು ಬೇಕಾ? ಒಂದೊಂದು ಉತ್ತರಕ್ಕೂ ಬೆಲೆ ಬದಲಾಗುತ್ತದೆ. ಕಂಪನಿಯವರು ಹಾಡನ್ನು ಕೊಳ್ಳುವುದಿಲ್ಲ, ಬಾಡಿಗೆಗೆ ಹಿಡಿಯುತ್ತಾರೆ. ಒಂದು ಜಾಹೀರಾತು ಇದ್ದಕ್ಕಿದ್ದಂತೆ ಕಾಣೆಯಾಗಿ, ಸ್ವಲ್ಪ ದಿನ ಬಿಟ್ಟು ಬೇರೆ ಸಂಗೀತದ ಜೊತೆ ಬಂದರೆ, ಬಾಡಿಗೆ ಮುಗಿದಿರಬಹುದು.

ಇಷ್ಟು ಕಷ್ಟಪಟ್ಟು ಹಾಡೇ ಯಾಕೆ ಬೇಕು? ಸುಮ್ನೆ ದರ ಹೇಳಿದರೆ ಆಗದಾ?

ನಮ್ಮ ಗಂಜ್‌ನಲ್ಲಿ ತೊಗರಿಬೇಳೆ ಮಾರುವವರು ಒಂದು ಮುಷ್ಟಿ ಬೇಳೆ ತೆಗೆದು ಅಂಗೈ ಮೇಲೆ ಹಾಕಿ ತೋರಿಸುತ್ತಾರೆ. ಬಣ್ಣ ನೋಡಿ, ಗಾತ್ರ ನೋಡಿ, ಬಾಯಿಗೆ ಒಂದು ಕಾಳು ಹಾಕಿಕೊಂಡು ನೋಡಿ. ನೆಟ್‌ವರ್ಕನ್ನು ಹಾಗೆ ತೋರಿಸೋಕೆ ಆಗುತ್ತಾ? ಕಣ್ಣಿಗೆ ಕಾಣುವುದೇ ಇಲ್ಲ. ಟವರ್ ತೋರಿಸಿದರೆ ಯಾರ ಮನಸ್ಸೂ ಕರಗುವುದಿಲ್ಲ. ಬೆರಳುಗುರಿನಷ್ಟು ಸಿಮ್ಮು, ಎಲ್ಲ ಕಂಪನಿಯದೂ ಒಂದೇ ಥರ. ಅದಕ್ಕೇ ಅವರು ಮಾರುವುದು ಆ ಕಡೆಯಿಂದ ಬರುವ ದನಿಯನ್ನ, ದೂರ ಇರುವವರ ನೆನಪನ್ನ. ನೆನಪಿಗೆ ಹಾಡಿಗಿಂತ ಹತ್ತಿರದ್ದು ಇನ್ನೊಂದಿಲ್ಲ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು ಅನಿಸುತ್ತದೆ. ಸೋಪಿನ ಹಾಡು ಟಿವಿ ಬಂದ್ ಮಾಡಿದ ಕೂಡಲೇ ನಿಲ್ಲುತ್ತದೆ, ಸೋಪು ತಾನಾಗಿ ಹಾಡುವುದಿಲ್ಲ. ಮೊಬೈಲ್ ಹಾಡುತ್ತದೆ! ಜಾಹೀರಾತಿನ ರಾಗವೇ ರಿಂಗ್‌ಟೋನ್ ಆಗಿ ಜೇಬಿನಲ್ಲಿ ಕೂತರೆ ಬಸ್ಸಿನಲ್ಲಿ, ಸಂತೆಯಲ್ಲಿ, ಗುಡಿಯಲ್ಲಿ ದಿನಕ್ಕೆ ಹತ್ತು ಸಲ ಅದೇ ಕಂಪನಿಯ ಪ್ರಚಾರ. ದುಡ್ಡು ಕೊಟ್ಟು ಸೆಟ್ ಕೊಂಡವರೇ ಪ್ರಚಾರ ಮಾಡಿದ ಹಾಗಾಯಿತು. ಇಂಥ ಸರಕು ಮಾರುಕಟ್ಟೆಯಲ್ಲಿ ಬೇರೆ ಯಾವುದಿದೆ?

ಇದನ್ನು ಮೊದಲು ಚೆನ್ನಾಗಿ ಹಿಡಿದವರು ನೋಕಿಯಾದವರು. ಆ ಟಿರಿರಿಂ ಟಿರಿರಿಂ ಈಗಲೂ ನಿಮ್ಮ ಕಿವಿಯಲ್ಲಿ ಇರಬೇಕು, ಅಲ್ವಾ? ಅದು ಸ್ಪೇನಿನ ಫ್ರಾನ್ಸಿಸ್ಕೊ ತಾರ್ರೆಗಾ ಅನ್ನುವ ಗಿಟಾರ್ ವಾದಕ 1902ರಲ್ಲಿ ಮಾಡಿದ 'ಗ್ರಾನ್ ವಾಲ್ಸ್' ಅನ್ನುವ ರಚನೆಯ ನಡುವಿನ ಒಂದು ಸಣ್ಣ ತುಣುಕು. ಹದಿಮೂರು ಸ್ವರ, ಅಷ್ಟೇ. 1990ರ ದಶಕದ ಮೊದಲಲ್ಲಿ ಜಾಹೀರಾತಿಗೆ ಬಂತು, 1994ರ ನೋಕಿಯಾ 2110 ಸೆಟ್ಟಿನಲ್ಲಿ ರಿಂಗ್‌ಟೋನ್ ಆಯಿತು. ತಾರ್ರೆಗಾ ತೀರಿಕೊಂಡದ್ದು 1909ರಲ್ಲಿ. ಮೇಲಿನ ಲೆಕ್ಕ ಹಾಕಿ ನೋಡಿ. ಹಕ್ಕು ಯಾವಾಗಲೋ ಮುಗಿದಿತ್ತು, ಯಾರನ್ನೂ ಕೇಳಬೇಕಿರಲಿಲ್ಲ. ಹೊಸದಾಗಿ ನುಡಿಸಿ ಮುದ್ರಿಸಿಕೊಂಡರೆ ಆ ಮುದ್ರಣವೂ ಸ್ವಂತದ್ದು.

ಆಮೇಲೆ ನೋಕಿಯಾ ಇನ್ನೊಂದು ಕೆಲಸ ಮಾಡಿತು. ಆ ಹದಿಮೂರು ಸ್ವರವನ್ನು ತನ್ನ ಗುರುತು ಅಂತ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತು. ಕಾಪಿರೈಟಿಗೂ ಟ್ರೇಡ್‌ಮಾರ್ಕಿಗೂ ಇರುವ ವ್ಯತ್ಯಾಸ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಇವತ್ತು ನೀವು ರಂಗಮಂದಿರದ ವೇದಿಕೆ ಮೇಲೆ ಕೂತು ಗಿಟಾರಿನಲ್ಲಿ ತಾರ್ರೆಗಾ ರಚನೆ ನುಡಿಸಿ, ಯಾರೂ ಕೇಳುವುದಿಲ್ಲ, ಅದು ಎಲ್ಲರ ಆಸ್ತಿ. ಅದೇ ಹದಿಮೂರು ಸ್ವರ ಹಾಕಿ ಬೇರೆ ಹೆಸರಿನ ಮೊಬೈಲ್ ಮಾರಲು ಹೋದರೆ ಮಾತ್ರ ತಕರಾರು. ಕಾಪಿರೈಟಿಗೆ ಮುಗಿಯುವ ದಿನ ಅಂತ ಒಂದಿದೆ, ಟ್ರೇಡ್‌ಮಾರ್ಕನ್ನು ಹೊಸದು ಮಾಡಿಸಿಕೊಳ್ಳುತ್ತ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು. ನಮ್ಮ ದೇಶದಲ್ಲೂ ಧ್ವನಿಗೆ ಟ್ರೇಡ್‌ಮಾರ್ಕ್ ಸಿಗುತ್ತದೆ. 2008ರಲ್ಲಿ ಯಾಹೂ ಕಂಪನಿಯ ಕೂಗಿಗೆ ಮೊದಲು ಸಿಕ್ಕಿತು. 2017ರ ನಿಯಮದ ಪ್ರಕಾರ ಮೂವತ್ತು ಸೆಕೆಂಡು ಮೀರದ ಎಂಪಿ3 ಫೈಲ್ ಕೊಟ್ಟು ಅರ್ಜಿ ಹಾಕಬೇಕು. ಮೂವತ್ತು ಸೆಕೆಂಡಿನ ಲೆಕ್ಕ ಇರುವುದು ಇಲ್ಲಿ. ಜನ ಹೇಳುವ ಆ ಮಾತಿಗೂ ಇದಕ್ಕೂ ಸಂಬಂಧ ಇಲ್ಲ.

ಹೀಗೆ ಹಕ್ಕು ಮುಗಿದ ಹಳೇ ರಾಗ ಹಿಡಿಯುವುದು ಕಂಪನಿಗಳಿಗೆ ಒಂದು ದಾರಿ. ಎರಡನೇ ದಾರಿ, ಹೊಸ ರಾಗವನ್ನೇ ಮಾಡಿಸುವುದು. 2002ರಲ್ಲಿ ಏರ್‌ಟೆಲ್‌ನವರು ಎ.ಆರ್. ರೆಹಮಾನ್ ಅವರಿಂದ ಮಾಡಿಸಿದ ರಾಗ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆಗ ನಮ್ಮೂರು ಇನ್ನೂ ಗುಲಬರ್ಗಾ. ಸ್ಪೈಸ್ ಸಿಮ್ಮಿನ ಕಾಲ. ಆ ರಾಗ ಇಲ್ಲಿ ಬೇಗ ಬೇರು ಬಿಟ್ಟದ್ದಕ್ಕೆ ಒಂದು ಕಾರಣ ಇದೆ. ಒಂದೇ ಓಣಿಯಲ್ಲಿ ಕನ್ನಡ, ದಖ್ಖನಿ, ಮರಾಠಿ, ತೆಲುಗು, ಲಂಬಾಣಿ ಕೇಳುವ ಊರು ನಮ್ಮದು. ಹಿಂದಿ ಜಾಹೀರಾತಿಗೆ ಯಾರೋ ಅವಸರದಲ್ಲಿ ಕನ್ನಡದ ದನಿ ಕೂರಿಸಿದ್ದರೆ ನಮಗೆ ಕೂಡಲೇ ಗೊತ್ತಾಗುತ್ತದೆ, ತುಟಿ ಒಂದು ಕಡೆ, ಮಾತು ಒಂದು ಕಡೆ. ರೆಹಮಾನ್ ರಾಗಕ್ಕೆ ಆ ತೊಂದರೆ ಇರಲಿಲ್ಲ. ಮಾತಿಲ್ಲದೆಯೇ ನೆನಪಿನಲ್ಲಿ ಉಳಿಯುವ ರಾಗ ಅದು. ದರ್ಗಾ ಹತ್ತಿರದ ಟೇಲರಿಗೂ, ಶರಣಬಸವೇಶ್ವರ ಜಾತ್ರೆಯ ಬಳೆ ಅಂಗಡಿಯ ಅವ್ವನಿಗೂ ಅದು ಒಂದೇ. ನನ್ನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ಆ ರಾಗ ಕೇಳಿದರೆ "ಯಪ್ಪಾ, ನಿನ್ ಫೋನ್ ಹೊಡಕೊಳ್ಳಾಕತ್ತದ" ಅಂತ ಅಲ್ಲಿಂದಲೇ ಕೂಗುತ್ತಿದ್ದಳು. ಎಷ್ಟೋ ಸಲ ಅದು ನನ್ನ ಫೋನ್ ಅಲ್ಲ, ಪಕ್ಕದ ಮನೆಯ ಟಿವಿ.

ಹಚ್ ಕಂಪನಿಯ ನಾಯಿ ಜಾಹೀರಾತು ಬಂದದ್ದು 2003ರಲ್ಲಿ. ಹುಡುಗ ಮುಂದೆ, ಪಗ್ ನಾಯಿ ಹಿಂದೆ, ಮೆಲ್ಲಗೆ ಒಂದು ಇಂಗ್ಲಿಷ್ ಹಾಡು. ಅದರ ಒಂದು ಪದ ಅರ್ಥವಾಗದವರೂ ಆ ನಾಯಿಯನ್ನು ಮರೆಯಲಿಲ್ಲ, ಈಗಲೂ ಆ ತಳಿಯನ್ನು 'ಹಚ್ ನಾಯಿ' ಅಂತಲೇ ಕರೆಯುತ್ತಾರೆ. 2011ರಲ್ಲಿ ಏರ್‌ಟೆಲ್‌ನವರು ಸ್ನೇಹಿತರ ಮೇಲೆ ಮಾಡಿಸಿದ ಹಿಂದಿ ಹಾಡು ಕಾಲೇಜು ಹುಡುಗರ ಬಾಯಲ್ಲಿ ಸಿನಿಮಾ ಹಾಡಿನ ಹಾಗೆ ಓಡಾಡಿತು. ಅದಕ್ಕೆ ರಾಮ್ ಸಂಪತ್ ಸಂಗೀತ, ಅಮಿತಾಭ್ ಭಟ್ಟಾಚಾರ್ಯ ಸಾಹಿತ್ಯ. ಜಾಹೀರಾತಿಗೆ ಅಂತ ಹುಟ್ಟಿದ ಹಾಡೇ ಜನಪ್ರಿಯ ಹಾಡಾಗುವುದು ಅಂದರೆ ಇದು.

ಮೂರನೇ ದಾರಿಯೇ ಅಣ್ಣನ ಮಗ ಮಾಡಹೊರಟದ್ದು, ಆಗಲೇ ಇರುವ ಹಾಡನ್ನು ತಂದು ಹಾಕುವುದು. ಇದರಲ್ಲಿ ಹಾಡಿನವರಿಗೂ ಲಾಭ ಆಗಬಹುದು. ಅಮೆರಿಕದ ದಿ ಡ್ಯಾಂಡಿ ವಾರ್‌ಹೋಲ್ಸ್ ಬ್ಯಾಂಡಿನ 'ಬೊಹೀಮಿಯನ್ ಲೈಕ್ ಯೂ' 2000ದಲ್ಲಿ ಬ್ರಿಟನ್ನಿನಲ್ಲಿ ಬಂದಾಗ ಅಷ್ಟೇನೂ ಓಡಿರಲಿಲ್ಲ. ಮರುವರ್ಷ ವೋಡಾಫೋನ್ ಅದನ್ನು ತನ್ನ ಜಾಹೀರಾತಿಗೆ ಹಾಕಿಕೊಂಡಿತು, ಹಾಡು ಮತ್ತೆ ಬಿಡುಗಡೆಯಾಗಿ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಹೋಯಿತು. ಹಾಡು ಅದೇ, ಬ್ಯಾಂಡೂ ಅದೇ. ದಿನಕ್ಕೆ ಹತ್ತು ಸಲ ಜನರ ಕಿವಿಗೆ ಬಿತ್ತು, ಅಷ್ಟೇ ವ್ಯತ್ಯಾಸ.

ಕಷ್ಟ ಎಷ್ಟು ಅಂತ ಗೊತ್ತಾಗಬೇಕಾದರೆ ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ರೈಲ್ವೆ ಸ್ಟೇಷನ್ನಿಗೆ ಹೋಗಬೇಕು. 2009ರ ಜನವರಿಯಲ್ಲಿ ಟಿ-ಮೊಬೈಲ್‌ನವರು ಅಲ್ಲಿ ಪ್ರಯಾಣಿಕರ ನಡುವೆಯೇ ನೂರಾರು ಜನರನ್ನು ಇದ್ದಕ್ಕಿದ್ದಂತೆ ಕುಣಿಸಿ ಜಾಹೀರಾತು ತೆಗೆದರು. ಹಿಂದೆ ಒಂದಲ್ಲ, ಹಲವು ಹಾಡುಗಳ ತುಣುಕು, ಪಾಪ್ ಹಾಡು ಮುಗಿಯುತ್ತಿದ್ದಂತೆ ಹತ್ತೊಂಬತ್ತನೇ ಶತಮಾನದ ವಾಲ್ಟ್ಸ್ ಅನ್ನುವ ಕುಣಿತದ ಸಂಗೀತ, ಅದರ ಬೆನ್ನಿಗೇ ಮತ್ತೊಂದು ಪಾಪ್. ಈಗ ಮೂರು ಹಕ್ಕಿನ ಲೆಕ್ಕ ನೆನಪು ಮಾಡಿಕೊಳ್ಳಿ. ಒಂದೊಂದು ಪಾಪ್ ತುಣುಕಿಗೂ ಸಾಹಿತ್ಯದವರು, ರಾಗದವರು, ಮುದ್ರಣದವರು. ನೋಡುವವರಿಗೆ ಎರಡು ಮೂರು ನಿಮಿಷದ ಖುಷಿ, ಹಿಂದೆ ಒಪ್ಪಿಗೆ ಪತ್ರಗಳ ಕಟ್ಟು.

ಮುದ್ರಣದ ಬಾಡಿಗೆ ಬಹಳ ಆಯಿತು ಅಂದರೆ ಕಂಪನಿಯವರು ಸಾಹಿತ್ಯಕ್ಕೂ ರಾಗಕ್ಕೂ ಒಪ್ಪಿಗೆ ಪಡೆದು, ಬೇರೆ ಗಾಯಕರಿಂದ ಹೊಸದಾಗಿ ಹಾಡಿಸುತ್ತಾರೆ. ಜಾಹೀರಾತಿನಲ್ಲಿ ಹಳೇ ಹಾಡು ಬೇರೆ ದನಿಯಲ್ಲಿ, ನಿಧಾನವಾಗಿ, ಬರೀ ಗಿಟಾರ್ ಜೊತೆ ಕೇಳಿಸಿದರೆ ಕೆಲವು ಸಲ ಕಾರಣ ಇದೇ ಇರುತ್ತದೆ. ನಮ್ಮ ಕಾಯ್ದೆಯಲ್ಲಿ ಐದು ವರ್ಷ ಕಳೆದ ಹಾಡಿನ ಕವರ್, ಅಂದರೆ ಅದೇ ಹಾಡನ್ನು ಬೇರೆಯವರು ಹಾಡಿ ಮುದ್ರಿಸುವುದು, ಮಾಡಲು ಒಂದು ಸುಲಭದ ಪರವಾನಗಿ ಇದೆ ನಿಜ, ಆದರೆ ಅದು ಧ್ವನಿಮುದ್ರಣಕ್ಕೆ ಮಾತ್ರ. ಜಾಹೀರಾತಿನ ಚಿತ್ರಕ್ಕೆ ಜೋಡಿಸಬೇಕಾದರೆ ಮತ್ತೆ ಕೇಳಲೇಬೇಕು. ಹಿಂದಿ ಹಾಡನ್ನು ಕನ್ನಡಕ್ಕೆ ತಿರುಗಿಸಿ ಹಾಡಿಸುವುದೂ ಹಾಗೇ, ಅನುವಾದದ ಹಕ್ಕು ಮೂಲ ಸಾಹಿತ್ಯದ ಹಕ್ಕು ಇರುವವರದು.

ಇತ್ತೀಚೆಗೆ ಇನ್ನೊಂದು ಬಂದಿದೆ. ದೊಡ್ಡ ಗಾಯಕರ ದನಿಯನ್ನೇ ಎಐ ಸಾಫ್ಟ್‌ವೇರಿನಲ್ಲಿ ತಯಾರಿಸುವುದು. "ಗಾಯಕರು ಹಾಡೇ ಇಲ್ಲವಲ್ಲ, ಯಾರದ್ದೂ ಕದ್ದಿಲ್ಲ" ಅಂತ ವಾದ. 2024ರಲ್ಲಿ ಅರಿಜಿತ್ ಸಿಂಗ್ ಅವರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಅವರ ದನಿಯನ್ನು ಹೀಗೆ ಬಳಸುವುದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಒಬ್ಬರ ದನಿ ಅವರ ವ್ಯಕ್ತಿತ್ವದ ಭಾಗ, ಅದನ್ನು ಅವರನ್ನು ಕೇಳದೆ ವ್ಯಾಪಾರಕ್ಕೆ ಹಚ್ಚುವ ಹಾಗಿಲ್ಲ. ಅಂಗಡಿ ಪ್ರಚಾರದ ಆಟೋಗೆ ಹೆಸರಾಂತ ಗಾಯಕರ ದನಿ "ಮಾಡ್ಸಿಕೊಡ್ತೀವಿ" ಅನ್ನುವವರು ನಿಮ್ಮ ಹತ್ತಿರವೂ ಬಂದಾರು, ಒಪ್ಪಬೇಡಿ.

ಇನ್ನು ದುಡ್ಡು ಯಾರಿಗೆ ಹೋಗುತ್ತದೆ ಅನ್ನುವುದು. ಇದು ನನಗೆ ಬಹಳ ಮುಖ್ಯ. 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಿರ್ಮಾಪಕರು ದುಡ್ಡು ಕೊಟ್ಟು ಬರೆಸಿದ, ಸಂಗೀತ ಮಾಡಿಸಿದ ಸಿನಿಮಾ ಹಾಡಿನ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕರದ್ದೇ. ಬರೆದವರು ಒಂದು ಸಲ ದುಡ್ಡು ತೆಗೆದುಕೊಂಡರೆ ಮುಗಿಯಿತು. ಆ ಹಾಡು ಮುಂದೆ ರಿಂಗ್‌ಟೋನ್ ಆಗಲಿ, ಜಾಹೀರಾತಾಗಲಿ, ಅವರಿಗೆ ಏನೂ ಬರುತ್ತಿರಲಿಲ್ಲ. ಕಾಲರ್ ಟ್ಯೂನಿನ ಕಾಲ ನೆನೆಸಿಕೊಳ್ಳಿ. ಯಾರಿಗೋ ಫೋನ್ ಮಾಡಿದರೆ ಆ ಕಡೆ ಹಾಡು, ಇಷ್ಟವಾದರೆ ಸ್ಟಾರ್ ಒತ್ತಿ, ಅದೇ ಹಾಡು ನಿಮಗೂ. ತಿಂಗಳು ತಿಂಗಳು ಬ್ಯಾಲೆನ್ಸಿನಿಂದ ದುಡ್ಡು ಕಟ್. ಊರಿಗೆ ಊರೇ ಒಂದು ಹಾಡಿಗೆ ಹೀಗೆ ದುಡ್ಡು ಕೊಡುತ್ತಿರುವಾಗ ಅದನ್ನು ಬರೆದವರು ಮನೆಯಲ್ಲಿ ಸುಮ್ಮನೆ ಕೂತಿರಬೇಕಿತ್ತು. ಎಂಥ ಅನ್ಯಾಯ!

2012ರ ತಿದ್ದುಪಡಿ ಇದನ್ನು ಬದಲಿಸಿತು. ಆಗ ರಾಜ್ಯಸಭೆಯಲ್ಲಿದ್ದ ಹಿಂದಿ ಹಾಡು ಬರೆಯುವ ಜಾವೇದ್ ಅಖ್ತರ್ ಇದಕ್ಕಾಗಿ ಬಹಳ ಹೊಡೆದಾಡಿದರು. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಓಡುವುದು ಬಿಟ್ಟು ಬೇರೆ ಯಾವ ರೀತಿಯಲ್ಲಿ ಹಾಡು ಬಳಕೆಯಾದರೂ ಸಾಹಿತಿಗೂ ಸಂಗೀತಗಾರರಿಗೂ ರಾಯಲ್ಟಿಯಲ್ಲಿ ಸಮಪಾಲು ಬರಬೇಕು. ಈ ಹಕ್ಕನ್ನು ಅವರು ನಿರ್ಮಾಪಕರಿಗೋ ಆಡಿಯೋ ಕಂಪನಿಗೋ ಬರೆದುಕೊಡುತ್ತೇನೆ ಅಂದರೂ ಬರೆದುಕೊಡುವ ಹಾಗಿಲ್ಲ. ಅದು ಬಹಳ ಒಳ್ಳೆ ಸಾಲು, ಯಾಕಂದರೆ ಕಷ್ಟದಲ್ಲಿರುವವರು ಎಲ್ಲದಕ್ಕೂ ಸಹಿ ಹಾಕುತ್ತಾರೆ. ಈ ರಾಯಲ್ಟಿ ವಸೂಲು ಮಾಡಿ ಹಂಚಲು 1969ರಲ್ಲಿ ಶುರುವಾದ ಐಪಿಆರ್‌ಎಸ್ ಅನ್ನುವ ಸಂಸ್ಥೆ ಇದೆ. ನಮ್ಮ ಭಾಗದಲ್ಲಿ ಹಾಡು ಬರೆಯುವವರು, ರಾಗ ಹಾಕುವವರು ಅದರ ಸದಸ್ಯರಾಗಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಅಣ್ಣನ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಹಂಗಾದ್ರ ತತ್ವಪದ ಹಾಕ್ಲೇನು ಕಾಕಾ? ಅವು ಹಳೇವು, ಯಾರದೂ ಅಲ್ಲ."

ಕಡಕೋಳ ಮಡಿವಾಳಪ್ಪನವರು ಹತ್ತೊಂಬತ್ತನೇ ಶತಮಾನದವರು, ನಮ್ಮ ಜಿಲ್ಲೆಯವರೇ. ಅವರ ಪದಗಳ ಸಾಹಿತ್ಯಕ್ಕೆ ಇವತ್ತು ಕಾಪಿರೈಟ್ ಇಲ್ಲ. ವಚನಗಳಿಗೂ ಇಲ್ಲ. ಆದರೆ ಯೂಟ್ಯೂಬಿನಿಂದ ಯಾರೋ ಹಾಡಿದ್ದನ್ನು ಇಳಿಸಿಕೊಂಡರೆ ಅದು ಅವರ ಮುದ್ರಣ. ಈಗಿನ ಗಾಯಕರೊಬ್ಬರು ಅದಕ್ಕೆ ಹೊಸ ರಾಗ ಹಾಕಿದ್ದರೆ ರಾಗವೂ ಅವರದು. ಪದ ಪುಕ್ಕಟೆ ಸಿಕ್ಕಿತು ಅಂತ ಹಾಡೂ ಪುಕ್ಕಟೆ ಅಲ್ಲ. ಇನ್ನು ದೇಹ ಮಣ್ಣಾಗುತ್ತದೆ ಅನ್ನುವ ಪದವನ್ನು ಟೆಂಪರ್ಡ್ ಗ್ಲಾಸ್ ಮಾರುವುದಕ್ಕೆ ಹಾಕುವುದು ನನ್ನ ಮನಸ್ಸಿಗಂತೂ ಒಪ್ಪಲಿಲ್ಲ. ಕಾಯ್ದೆ ಬಿಟ್ಟರೂ ಊರು ಒಪ್ಪಬೇಕಲ್ಲ. ಅದನ್ನೂ ಹೇಳಿದೆ.

ಕೊನೆಗೆ ಅವನು ತನ್ನ ಅಂಗಡಿಗೆ ಅಂತಲೇ ನಾಲ್ಕು ಸಾಲು ಬರೆದ. ನಾನು ಎರಡು ಪದ ತಿದ್ದಿದೆ. ಅವನ ಓಣಿಯಲ್ಲಿ ಭಜನೆ ಮೇಳದ ಮುತ್ಯಾ ಒಬ್ಬರಿದ್ದಾರೆ, ಏಕತಾರಿ ಹಿಡಿದರೆ ದನಿ ಗಟ್ಟಿ ನೆಲದಂತೆ ನಿಲ್ಲುತ್ತದೆ. ಅವರೇ ರಾಗ ಕೂಡಿಸಿದರು. ಅಂಗಡಿ ಮುಚ್ಚಿದ ಮೇಲೆ ಶಟರ್ ಅರ್ಧ ಇಳಿಸಿ, ಫ್ಯಾನ್ ಬಂದ್ ಮಾಡಿ, ಫೋನಿನಲ್ಲೇ ಮುದ್ರಿಸಿದೆವು. ಎರಡು ಸಲ ಹೊರಗೆ ಆಟೋ ಹಾರ್ನ್ ಬಂತು, ಮೂರನೇ ಸಲ ಸರಿಹೋಯಿತು. ತಾಳದ ಸದ್ದಿಗೆ ಕೌಂಟರಿನ ಗಾಜು ಸಣ್ಣಗೆ ನಡುಗುತ್ತಿತ್ತು, ಅದೂ ಮುದ್ರಣದಲ್ಲಿ ಬಂದಿದೆ, ಹಾಗೇ ಬಿಟ್ಟೆವು.

ಆಮೇಲೆ ಒಂದು ಹಾಳೆಯಲ್ಲಿ ಬರೆದೆವು. ಸಾಹಿತ್ಯ ಅಂಗಡಿಯವನದು. ರಾಗ ಮುತ್ಯಾರದು. ಈ ಮುದ್ರಣವನ್ನು ಒಂದು ವರ್ಷ ಈ ಅಂಗಡಿಯ ಪ್ರಚಾರಕ್ಕೆ ಮಾತ್ರ ಬಳಸುವುದು, ಇಂಟರ್‌ನೆಟ್ಟಿನಲ್ಲಿ ಮತ್ತು ಕೇಬಲ್ಲಿನಲ್ಲಿ. ಕೊಟ್ಟ ದುಡ್ಡು ಇಷ್ಟು. ಮುಂದಿನ ವರ್ಷ ಬೇಕಾದರೆ ಮತ್ತೆ ಮಾತಾಡುವುದು. ಓದಿ ಹೇಳಿದೆ. ಮುತ್ಯಾ ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ಎಲ್ಲಾ ಬರ್ದೀರಿ, ಛಲೋ ಆತು. ಹಾಡಿದಾಂವ ಯಾರು ಅಂತ ನನ್ ಹೆಸರು ಬರ್ತದಿಲ್ಲೋ?"

2012ರ ತಿದ್ದುಪಡಿಯೇ ಹಾಡಿದವರಿಗೂ ತಮ್ಮ ಹೆಸರು ಹಾಕಿ ಅಂತ ಕೇಳುವ ಹಕ್ಕು ಕೊಟ್ಟಿದೆ. ಅದು ನನಗೆ ಗೊತ್ತಿತ್ತು, ಹಾಳೆಯಲ್ಲಿ ಬರೆಯುವುದು ಬಿಟ್ಟುಹೋಗಿತ್ತು. ಕೆಳಗೆ ಜಾಗ ಇರಲಿಲ್ಲ. ಹಾಳೆ ತಿರುಗಿಸಿ, ವಿಡಿಯೋದ ಕೊನೆಗೆ ಮೂರು ಸೆಕೆಂಡು ಅವರ ಹೆಸರು ಕಾಣಬೇಕು ಅಂತ ಹಿಂದೆ ಬರೆದೆವು. ಆಗ ಮುತ್ಯಾ ಎರಡೂ ಕಡೆ ಸಹಿ ಹಾಕಿದರು.